ಒಳಗೆ ಬೆಂದಿದೆಯೇ? ಓವನ್ ಚಿಕನ್ ಬರ್ಗರ್ ಮೂಲಕ ಉಷ್ಣ ಪ್ರಸರಣ: ಒಂದು ಪಾಠಾವಲೋಕನ

ತರಗತಿ: 7
ವಿಷಯ: ವಿಜ್ಞಾನ
ಘಟಕ: ಉಷ್ಣ
ಉಪಘಟಕ: ಉಷ್ಣ ಪ್ರಸರಣದ ವಿಧಾನಗಳು
ಅವಧಿ: 40 ನಿಮಿಷ
ಸ್ಥಳ: ಲಕ್ಷ್ಮೇಶ್ವರ ಸೀಮೆಯ ಯಳವತ್ತಿ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ

1. ಹಿನ್ನೆಲೆ

ಬೋಧನಾ ಅಭ್ಯಾಸದ ಅವಧಿಯಲ್ಲಿ ನಮ್ಮ ಒಬ್ಬ ಪ್ರಶಿಕ್ಷಣಾರ್ಥಿ ಉಷ್ಣ ಪ್ರಸರಣದ ಪಾಠಕ್ಕೆ ಹೊಸ ಬಗೆಯ ಯೋಜನೆಯೊಂದನ್ನು ತಂದರು. ಮನೆಯ ಓವನ್‌ನಲ್ಲಿ ಚಿಕನ್ ಬರ್ಗರ್ ಮಾಡುವ ವಿಧಾನವನ್ನು ಹಂತಹಂತವಾಗಿ ಹೇಳುತ್ತ, ಅದರೊಳಗೇ ವಹನ, ಸಂವಹನ ಮತ್ತು ವಿಕಿರಣವನ್ನು ಪರಿಚಯಿಸುವುದು ಅವರ ಉದ್ದೇಶ. ಕಬ್ಬಿಣದ ಸರಳಿಗೆ ಮೇಣ ಅಂಟಿಸಿ ಕಾಯಿಸುವ ಪ್ರಯೋಗವನ್ನು ಹತ್ತಾರು ಪಾಠಗಳಲ್ಲಿ ನೋಡಿದ್ದ ನನಗೆ ಇದು ಇಷ್ಟವಾಯಿತು. ಯೋಜನೆಯನ್ನು ಓದಿ ಸಹಿ ಹಾಕಿದೆ. ಆ ಸಹಿ ಹಾಕುವ ಮೊದಲು ನಾನು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಲಿಲ್ಲ. ಆದ್ದರಿಂದ ಈ ಅವಲೋಕನದಲ್ಲಿ ಬರುವ ತಪ್ಪುಗಳಲ್ಲಿ ಅರ್ಧ ಪಾಲು ಮಾರ್ಗದರ್ಶಕನಾದ ನನ್ನದು.

2. ಮೊದಲ ಪಾಠ

ಪೀಠಿಕೆ ಚೆನ್ನಾಗಿಯೇ ಶುರುವಾಯಿತು. "ಬರ್ಗರ್ ಯಾರು ನೋಡಿದ್ದೀರಿ?" ಎಂದಾಗ ಅರ್ಧ ತರಗತಿ ಕೈ ಎತ್ತಿತು. ಟಿ.ವಿ.ಯಲ್ಲಿ, ಮೊಬೈಲ್‌ನಲ್ಲಿ, ಒಂದಿಬ್ಬರು ಹುಬ್ಬಳ್ಳಿಯಲ್ಲಿ ನೋಡಿದ್ದರು. ನಂತರ ಪ್ರಶಿಕ್ಷಣಾರ್ಥಿ "ಖೀಮಾದಿಂದ ಪ್ಯಾಟಿ ಮಾಡಬೇಕು" ಎಂದರು. ಹಿಂದಿನಿಂದ ಒಬ್ಬ ಹುಡುಗ, "ಪ್ಯಾಟಿ ಅಂದ್ರ ಲಕ್ಷ್ಮೇಶ್ವರದ ಪ್ಯಾಟಿ ಏನ್ರಿ ಟೀಚರ್?" ಎಂದ. ಎಲ್ಲರೂ ನಕ್ಕರು. ನಮ್ಮ ಭಾಗದಲ್ಲಿ ಪ್ಯಾಟಿ ಎಂದರೆ ಪೇಟೆ ಎಂಬುದು ಯೋಜನೆ ಬರೆದವರಿಗೂ ಓದಿದವನಿಗೂ ಹೊಳೆದಿರಲಿಲ್ಲ. ಮಕ್ಕಳೇ ಅದಕ್ಕೆ "ಖೀಮಾ ಬಿಲ್ಲೆ" ಎಂದು ಹೆಸರಿಟ್ಟರು. ಈ ಲೇಖನದಲ್ಲೂ ಅದೇ ಪದವನ್ನು ಬಳಸುತ್ತೇನೆ.

ಮುಂದಿನ 20 ನಿಮಿಷ ಚಾರ್ಟ್‌ನ ಸುತ್ತ ನಡೆಯಿತು. ಓವನ್‌ನ ಚಿತ್ರ, ಕೆಂಪು ಬಾಣಗಳು, "200 ಡಿಗ್ರಿ, 20 ನಿಮಿಷ" ಎಂಬ ದೊಡ್ಡ ಅಕ್ಷರಗಳು. ಮಕ್ಕಳು ಒಟ್ಟಿಗೆ ವಹನ, ಸಂವಹನ, ವಿಕಿರಣ ಎಂದು ಹೇಳಿದರು. ನನ್ನ ಅವಲೋಕನ ಹಾಳೆಯಲ್ಲಿ ಅಂಕಗಳು ಏರುತ್ತಲೇ ಹೋದವು.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ನಮ್ಮನ್ಯಾಗ ಓವನ್ ಇಲ್ರಿ. ಹಂಗಾರ ನಮಗ ಮಾಡಾಕ ಬರಂಗಿಲ್ಲೇನ್ರಿ?" ಪ್ರಶಿಕ್ಷಣಾರ್ಥಿ "ಮುಂದೆ ತೊಗೊಂಡಾಗ ಮಾಡಬಹುದು" ಎಂದು ಪಾಠ ಮುಂದುವರಿಸಿದರು.

ಕೊನೆಗೆ ಅವರು ಬೆಳಗ್ಗೆ ಆರಕ್ಕೆ ತಮ್ಮ ಮನೆಯಲ್ಲಿ ಬೇಯಿಸಿ ತಂದಿದ್ದ ಮೂರು ಬಿಲ್ಲೆಗಳ ಡಬ್ಬಿ ತೆರೆದರು. ಹೊರಗೆ ಚೆಂದದ ಕಂದು ಬಣ್ಣ. ತಿನ್ನುವ ಮಕ್ಕಳಿಗೆ ಊಟದ ಹೊತ್ತಿಗೆ ಒಂದೊಂದು ತುಂಡು ಕೊಡಬೇಕೆಂದು ಯೋಜನೆಯಲ್ಲಿತ್ತು. ತುಂಡು ಮಾಡಲು ಬಿಸಿಯೂಟದ ಅಡುಗೆಮನೆಗೆ ಒಯ್ದಾಗ ಅಡುಗೆಯವರು ಒಂದನ್ನು ಕೈಯಲ್ಲಿ ಮುರಿದು ನೋಡಿದರು. "ಮ್ಯಾಲೆ ಕೆಂಪಗಾಗೇತಿ, ಒಳಗ ಹಸೀನ ಐತ್ರಿ ಟೀಚರ್. ಹುಡುಗ್ರಿಗೆ ಕೊಡಬ್ಯಾಡ್ರಿ."

ನಡುವೆ ಗುಲಾಬಿ ಬಣ್ಣದ ಮೆತ್ತನೆಯ ಮಾಂಸ ಹಾಗೆಯೇ ಇತ್ತು. ಡಬ್ಬಿ ಮುಚ್ಚಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಏನಾಗಬಹುದಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಶಾಲೆ ಬಿಡುವ ಮುನ್ನ ನಾನು ಇಬ್ಬರು ಮಕ್ಕಳನ್ನು ಕರೆದು, "ರೊಟ್ಟಿ ಹಂಚಿನ ಮ್ಯಾಲೆ ಬೇಯೂದು ಹೆಂಗ? ಆಮ್ಯಾಲೆ ಒಲಿ ಮುಂದ ಕೆಂಡಕ್ಕ ನಿಲ್ಲಿಸ್ತಾರಲ್ಲ, ಅಲ್ಲಿ ಹೆಂಗ?" ಎಂದು ಕೇಳಿದೆ. ಒಬ್ಬ "ಓವನ್‌ನಿಂದ" ಎಂದ. ಇನ್ನೊಬ್ಬಳು ಸುಮ್ಮನೆ ನಿಂತಳು. ಹಂಚಿನ ಮೇಲೆ ವಹನ, ಕೆಂಡದ ಮುಂದೆ ವಿಕಿರಣ. ದಿನಾ ಕಣ್ಣೆದುರು ನಡೆಯುವುದನ್ನು ಅವರು ಪಾಠಕ್ಕೆ ಜೋಡಿಸಿಕೊಂಡಿರಲಿಲ್ಲ. ಪಾಠವೂ ಆ ಬಿಲ್ಲೆಯಂತೆಯೇ ಹೊರಗೆ ಬಣ್ಣ ತಿರುಗಿತ್ತು, ಒಳಗೆ ಹಸಿಯಾಗಿತ್ತು.

3. ಬಿಲ್ಲೆ ಏಕೆ ಬೇಯಲಿಲ್ಲ?

ಸಂಜೆ ಕಾಲೇಜಿನಲ್ಲಿ ಕುಳಿತು ಇಬ್ಬರೂ ಕಾರಣ ಹುಡುಕಿದೆವು. ಮೂರು ಸಿಕ್ಕವು.

ಮೊದಲನೆಯದು ದಪ್ಪ. ಅರ್ಧ ಕಿಲೋ ಖೀಮಾದಲ್ಲಿ ಐದು ಬಿಲ್ಲೆ ಆಗಬೇಕಾಗಿದ್ದಲ್ಲಿ ಅವರು ಮೂರೇ ಮಾಡಿದ್ದರು. ಒಂದೊಂದೂ ಸುಮಾರು 3 ಸೆಂ.ಮೀ. ದಪ್ಪವಿತ್ತು. ಉಷ್ಣವು ಮೇಲ್ಮೈಯಿಂದ ನಡುವಿನವರೆಗೆ ವಹನದಿಂದ ಮಾತ್ರ ಸಾಗುತ್ತದೆ, ಮಾಂಸವೋ ಮಂದ ವಾಹಕ. ದಪ್ಪ ಎರಡು ಪಟ್ಟಾದರೆ ನಡುಭಾಗ ಕಾಯಲು ಬೇಕಾಗುವ ಸಮಯ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು. ಬದಿಗಳಿಂದಲೂ ಉಷ್ಣ ಒಳಹೋಗುವುದರಿಂದ ನಿಜದಲ್ಲಿ ಇದು ಸ್ವಲ್ಪ ಕಡಿಮೆಯಾಗಬಹುದು. ಆದರೂ 1.5 ಸೆಂ.ಮೀ. ಬಿಲ್ಲೆಗೆ ಹೇಳಿದ 20 ನಿಮಿಷ 3 ಸೆಂ.ಮೀ. ಬಿಲ್ಲೆಗೆ ಸಾಲುವ ಮಾತೇ ಇಲ್ಲ.

ಎರಡನೆಯದು, ಓವನ್ ಮೊದಲೇ ಕಾಯಿಸಿರಲಿಲ್ಲ. ಗುಂಡಿ ತಿರುಗಿಸಿದ ಕೂಡಲೇ ತಟ್ಟೆ ಇಟ್ಟಿದ್ದರು. 20 ನಿಮಿಷದಲ್ಲಿ ಮೊದಲ ಕೆಲವು ನಿಮಿಷ ಓವನ್ ತನ್ನ ಗೋಡೆಗಳನ್ನೇ ಕಾಯಿಸಿಕೊಳ್ಳುತ್ತಿತ್ತು.

ಮೂರನೆಯದು, ಬಣ್ಣವನ್ನು ನಂಬಿದ್ದು. ಹೊರಮೈಯ ಕಂದು ಬಣ್ಣಕ್ಕೆ ಕಾರಣ ಪ್ರೋಟೀನ್‌ನ ಅಮೈನೋ ಆಮ್ಲಗಳು ಮತ್ತು ಸಕ್ಕರೆಗಳ ನಡುವಿನ ಕ್ರಿಯೆ. ಫ್ರಾನ್ಸ್‌ನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದ ಕಾರಣ ಅದಕ್ಕೆ ಅವರದೇ ಹೆಸರು. ಮೇಲ್ಮೈಯ ನೀರು ಆರಿ, ಉಷ್ಣತೆ ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಅದು ಚುರುಕಾಗುತ್ತದೆ. ನಡುಭಾಗದಲ್ಲಿ ನೀರು ಇರುವವರೆಗೆ ಅಲ್ಲಿನ ಉಷ್ಣತೆ 100 ದಾಟುವುದೇ ಇಲ್ಲ. ಆದ್ದರಿಂದ ಹೊರಗಿನ ಬಣ್ಣ ಹೊರಗಿನ ಸುದ್ದಿಯನ್ನು ಮಾತ್ರ ಹೇಳುತ್ತದೆ.

ಇದಲ್ಲದೆ ನಾಲ್ಕನೆಯ ತಪ್ಪೂ ಇತ್ತು. ಆರಕ್ಕೆ ಬೇಯಿಸಿದ್ದನ್ನು ಬೆಚ್ಚಗಿನ ಡಬ್ಬಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಚಾರಕ್ಕೆ ತಂದ ಸುರಕ್ಷಿತ ಆಹಾರದ ಐದು ಸೂತ್ರಗಳು ಇವು: ಸ್ವಚ್ಛತೆ, ಹಸಿ ಮತ್ತು ಬೆಂದ ಆಹಾರವನ್ನು ಬೇರೆ ಇಡುವುದು, ಪೂರ್ತಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿ ಇಡುವುದು, ಶುದ್ಧ ನೀರು ಮತ್ತು ಸಾಮಗ್ರಿ. ಬೆಂದ ಆಹಾರವನ್ನು ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ನಾಲ್ಕನೆಯ ಸೂತ್ರದ ಒಳಗೇ ಬರುತ್ತದೆ. ಬಿಲ್ಲೆ ಪೂರ್ತಿ ಬೆಂದಿದ್ದರೂ ಆ ಹೊತ್ತಿಗೆ ಮಕ್ಕಳಿಗೆ ಕೊಡುವಂತಿರಲಿಲ್ಲ.

4. ವಿಷಯ ಜ್ಞಾನ: ಓವನ್‌ನಲ್ಲಿ ಚಿಕನ್ ಬರ್ಗರ್, ಕಾರಣಗಳ ಸಮೇತ

ಈ ಪಾಠ ಮಾಡುವವರು ಮೊದಲು ಮನೆಯಲ್ಲಿ ತಾವೇ ಒಮ್ಮೆ ಮಾಡಿ ನೋಡಬೇಕು. ಮಾಂಸ ತಿನ್ನದವರು ಮಾಡಬೇಕಾಗಿಲ್ಲ. ಅವರು ಬೇಯಿಸಿ ಅರೆದ ಹೆಸರುಕಾಳಿನ ಬಿಲ್ಲೆಯಲ್ಲಿ ದಪ್ಪ, ಬಣ್ಣ, ಓವನ್ ಕಾಯಿಸುವಿಕೆಗಳನ್ನು ನೋಡಿಕೊಳ್ಳಬಹುದು. ಕಾಳು ಮೊದಲೇ ಬೆಂದಿರುವುದರಿಂದ ಅಲ್ಲಿ ಹಸಿ ಉಳಿಯುವ ಭಯವಿಲ್ಲ.

ಸಾಮಗ್ರಿ: ಕೋಳಿ ಖೀಮಾ 500 ಗ್ರಾಂ, ಸಣ್ಣಗೆ ಹೆಚ್ಚಿ ಹಿಂಡಿದ ಉಳ್ಳಾಗಡ್ಡಿ 1, ಶುಂಠಿ ಬಳ್ಳೊಳ್ಳಿ ಅರೆದದ್ದು 1 ಚಮಚ, ಬ್ಯಾಡಗಿ ಮೆಣಸಿನಕಾಯಿ ಪುಡಿ 1 ಚಮಚ, ಮೆಣಸಿನ ಪುಡಿ ಅರ್ಧ ಚಮಚ, ಉಪ್ಪು 1 ಚಮಚ, ಕೊತ್ತಂಬರಿ ಒಂದು ಹಿಡಿ, ಒಣ ಬ್ರೆಡ್ ಪುಡಿ ಅರ್ಧ ಕಪ್, 5 ಬನ್.

ಅ) ಓವನ್ ಅನ್ನು 200 ಡಿಗ್ರಿಗೆ ಇಟ್ಟು 10ರಿಂದ 15 ನಿಮಿಷ ಖಾಲಿ ಕಾಯಿಸಿ. ಗೋಡೆ, ತಟ್ಟೆ, ಗಾಳಿ ಮೂರೂ ಕಾಯಬೇಕು. ಗೋಡೆಯಿಂದ ವಿಕಿರಣ, ಗಾಳಿಯಿಂದ ಸಂವಹನ, ತಟ್ಟೆಯಿಂದ ವಹನ. ಒಂದೇ ಪೆಟ್ಟಿಗೆಯಲ್ಲಿ ಮೂರೂ ವಿಧಾನಗಳು ಕೆಲಸ ಮಾಡುತ್ತವೆ.

ಆ) ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆಯುವ ಅಭ್ಯಾಸ ನಮ್ಮಲ್ಲಿದೆ. ನೀರು ಸಿಡಿದು ಸುತ್ತಲಿನ ಪಾತ್ರೆ, ತರಕಾರಿಗಳಿಗೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಹರಡಬಹುದು. ಅವುಗಳನ್ನು ಕೊಲ್ಲುವುದು ನೀರಲ್ಲ, ಬೇಯಿಸುವ ಉಷ್ಣ. ಖೀಮಾವನ್ನಂತೂ ತೊಳೆಯಲಾಗದು. ಅಂಗಡಿಯಲ್ಲಿ ಸ್ವಚ್ಛ ಯಂತ್ರದಲ್ಲಿ ಮಾಡಿಸಿ, ತಂದ ಕೂಡಲೇ ಫ್ರಿಜ್‌ನಲ್ಲಿಟ್ಟು, ಅದೇ ದಿನ ಬಳಸಿ.

ಇ) ಎಲ್ಲವನ್ನೂ ಹಗುರವಾಗಿ ಕಲಸಿ. ಬ್ರೆಡ್ ಪುಡಿ ರಸವನ್ನು ಹಿಡಿದಿಡುತ್ತದೆ. ಐದು ಸಮ ಪಾಲು ಮಾಡಿ. ಒಂದೊಂದನ್ನೂ ಸುಮಾರು 10 ಸೆಂ.ಮೀ. ಅಗಲ, 1.5 ಸೆಂ.ಮೀ. ದಪ್ಪದ ಬಿಲ್ಲೆಯಾಗಿ ತಟ್ಟಿ, ನಡುವೆ ಹೆಬ್ಬೆರಳಿನಿಂದ ಸ್ವಲ್ಪ ತಗ್ಗು ಮಾಡಿ. ಬೇಯುವಾಗ ಪ್ರೋಟೀನ್ ಕುಗ್ಗುವುದರಿಂದ ನಡುಭಾಗ ಉಬ್ಬುತ್ತದೆ. ತಗ್ಗು ಇದ್ದರೆ ದಪ್ಪ ಸಮವಾಗಿ ಉಳಿಯುತ್ತದೆ.

ಈ) ಕೈ, ಮಣೆ, ಚಾಕು ಸಾಬೂನಿನಿಂದ ತೊಳೆಯಿರಿ. ಹಸಿ ಖೀಮಾ ಮುಟ್ಟಿದ ಮಣೆಯ ಮೇಲೆ ಸೌತೆಕಾಯಿ ಹೆಚ್ಚಬೇಡಿ.

ಉ) ಎಣ್ಣೆ ಸವರಿದ ತಟ್ಟೆಯಲ್ಲಿ ಬಿಲ್ಲೆಗಳ ನಡುವೆ ಜಾಗ ಬಿಟ್ಟು ಜೋಡಿಸಿ. ಜಾಗವಿದ್ದರೆ ಬಿಸಿಗಾಳಿ ಸುತ್ತಾಡುತ್ತದೆ. 12 ನಿಮಿಷಕ್ಕೆ ತಿರುವಿ ಹಾಕಿ, ಒಟ್ಟು 18ರಿಂದ 22 ನಿಮಿಷ ಬೇಯಿಸಿ. ಈ ಸಮಯ ಒಂದು ಅಂದಾಜು ಮಾತ್ರ.

ಊ) ಬೆಂದಿತೇ ಎಂದು ನಡುವಿನಲ್ಲಿ ನೋಡಿ. ಆಹಾರದ ಥರ್ಮಾಮೀಟರ್‌ನ ಕಡ್ಡಿಯನ್ನು ಬದಿಯಿಂದ ನಡುವಿಗೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಅದು ಇಲ್ಲದಿದ್ದರೆ ಎಲ್ಲಕ್ಕಿಂತ ದಪ್ಪನೆಯ ಬಿಲ್ಲೆಯನ್ನು ಮುರಿದು ನೋಡಿ. ಒಳಗೆಲ್ಲ ಬೆಳ್ಳಗಾಗಿ ಗಟ್ಟಿಯಾಗಿರಬೇಕು, ರಸ ತಿಳಿಯಾಗಿರಬೇಕು. ಅನುಮಾನವಿದ್ದರೆ ಇನ್ನೂ ಐದು ನಿಮಿಷ ಬೇಯಿಸಿ.

ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲಿರುತ್ತವೆ. ಖೀಮಾ ಮಾಡಿದಾಗ ಮೇಲ್ಮೈಯೇ ಒಳಕ್ಕೆ ಸೇರಿಹೋಗುತ್ತದೆ. ಆದ್ದರಿಂದ ಬಿಲ್ಲೆಯ ನಡುಭಾಗದ ಬಗ್ಗೆ ಇಷ್ಟು ಎಚ್ಚರಿಕೆ.

ಋ) ಕೊನೆಯ ಎರಡು ನಿಮಿಷ ಬನ್‌ಗಳನ್ನು ಸೀಳಿ ಓವನ್‌ನಲ್ಲಿ ಬೆಚ್ಚಗೆ ಮಾಡಿ. ಬಿಲ್ಲೆ, ಉಳ್ಳಾಗಡ್ಡಿ, ಸೌತೆಕಾಯಿ ಇಟ್ಟು, ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿ ಹಚ್ಚಿ ಬಿಸಿಯಿರುವಾಗಲೇ ತಿನ್ನಿ.

ಓವನ್ ಇಲ್ಲದವರಿಗೆ: ಅಗಲವಾದ ದಪ್ಪ ಪಾತ್ರೆಯಲ್ಲಿ 2 ಸೆಂ.ಮೀ. ಒಣ ಮರಳು ಹಾಕಿ, ಮೇಲೆ ಸಿಂಬೆಯಂಥ ಲೋಹದ ಬಳೆ ಇಟ್ಟು, ಮುಚ್ಚಿ 15 ನಿಮಿಷ ಕಾಯಿಸಿದರೆ ಅದೇ ಓವನ್. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದಿರಬೇಕು. ಇಲ್ಲಿ ಉಷ್ಣತೆ ಎಷ್ಟೆಂದು ತೋರಿಸುವ ಗುಂಡಿ ಇಲ್ಲ. ಹಾಗಾಗಿ ಒಳಗೆ ಬೆಂದಿದೆಯೇ ಎಂದು ನೋಡುವ ವಿದ್ಯೆ ಇಲ್ಲಿ ಇನ್ನೂ ಮುಖ್ಯ. ಆ ಹುಡುಗಿಯ ಪ್ರಶ್ನೆಗೆ ನಾವು ಅಂದೇ ಕೊಡಬೇಕಾಗಿದ್ದ ಉತ್ತರ ಇದು.

5. ಮರುಯೋಜಿಸಿದ ಪಾಠ

ಒಂದು ವಾರದ ನಂತರ ಪಕ್ಕದ ವಿಭಾಗದಲ್ಲಿ ಅದೇ ಪ್ರಶಿಕ್ಷಣಾರ್ಥಿ ಮತ್ತೆ ಪಾಠ ಮಾಡಿದರು. ಈ ಸಲ ತರಗತಿಗೆ ಹಸಿ ಅಥವಾ ಬೆಂದ ಮಾಂಸ ತರಲಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಲೆಯ ಕೆಲಸವೆಲ್ಲ ಅಡುಗೆಮನೆಯಲ್ಲಿ ದೊಡ್ಡವರ ಕೈಯಲ್ಲೇ ನಡೆಯಿತು. ಮಕ್ಕಳು ದೂರದಿಂದ ನೋಡಿ ದಾಖಲಿಸಿದರು.

ತೊಡಗಿಸುವಿಕೆ (5 ನಿಮಿಷ): ಮೊದಲ ಪಾಠದ ಕತೆಯನ್ನೇ ಹೇಳಿದರು. "ಮ್ಯಾಲೆ ಕೆಂಪಗಾಗಿತ್ತು, ಒಳಗ ಹಸಿ ಇತ್ತು. ಯಾಕ?" ಮಕ್ಕಳ ಊಹೆಗಳನ್ನು ತಿದ್ದದೆ ಕಪ್ಪುಹಲಗೆಯ ಎಡಬದಿಗೆ ಬರೆದರು.

ಅನ್ವೇಷಣೆ (15 ನಿಮಿಷ): ಕುದಿಯುವ ನೀರಿಗೆ ಬಟಾಟಿಯ ಎರಡು ಚೌಕ ತುಂಡುಗಳು, ಒಂದು 1 ಸೆಂ.ಮೀ., ಇನ್ನೊಂದು 2 ಸೆಂ.ಮೀ. ಸಣ್ಣದಕ್ಕೆ ಕಡ್ಡಿ ಸಲೀಸಾಗಿ ಇಳಿದ ಕೂಡಲೇ ಎರಡನ್ನೂ ತೆಗೆದು ಸೀಳಿ ತೋರಿಸಿದರು. ದೊಡ್ಡದರ ನಡುವೆ ಹಸಿ ಉಳಿದಿತ್ತು. ಪಕ್ಕದ ಮರಳಿನ ಓವನ್‌ನಲ್ಲಿ ಒಂದು ಬ್ರೆಡ್ ತುಂಡು. ತೆಗೆದಾಗ ಅದರ ಕೆಳಮೈ ಹೆಚ್ಚು ಕಂದಾಗಿತ್ತು, ಮೇಲ್ಮೈ ಬರೀ ಒಣಗಿತ್ತು.

ವಿವರಣೆ (8 ನಿಮಿಷ): ಮಕ್ಕಳೇ ಬ್ರೆಡ್‌ನ ಎರಡು ಮೈಗಳ ಕಾರಣ ಹೇಳಿದ ನಂತರ ಮಾತ್ರ ವಹನ, ಸಂವಹನ, ವಿಕಿರಣ ಎಂಬ ಪದಗಳು ಬಂದವು. ಹಂಚಿನ ರೊಟ್ಟಿ, ಕೆಂಡದ ಮುಂದಿನ ರೊಟ್ಟಿ, ಕುದಿಯುವ ಸಾರು ಉದಾಹರಣೆಗಳಾದವು.

ವಿಸ್ತರಣೆ (7 ನಿಮಿಷ): "ಜ್ವರದ ಥರ್ಮಾಮೀಟರ್ ಚುಚ್ಚಿ ನೋಡಿದ್ರ?" ಎಂದು ಒಬ್ಬ ಕೇಳಿದ. ಯೋಜನೆಯಲ್ಲಿ ಇಲ್ಲದ ಈ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಬಿಟ್ಟುಕೊಡಲಿಲ್ಲ. ಜ್ವರದ ಥರ್ಮಾಮೀಟರ್ 35ರಿಂದ 42 ಡಿಗ್ರಿವರೆಗೆ ಮಾತ್ರ ಅಳೆಯುತ್ತದೆ. ಪ್ರಯೋಗಾಲಯದ್ದು ಸಾಮಾನ್ಯವಾಗಿ 110ರವರೆಗೆ ಅಳೆದರೂ ಗಾಜಿನದು, ಆಹಾರಕ್ಕೆ ಚುಚ್ಚುವಂತಿಲ್ಲ. ಹಿಂದೆ ಕಲಿತಿದ್ದ ಪಾಠ ತಾನಾಗಿ ಇಲ್ಲಿ ಬಂದು ಸೇರಿತು.

ಮೌಲ್ಯಮಾಪನ (5 ನಿಮಿಷ): ಒಂದೇ ಪ್ರಶ್ನೆ, ಬರವಣಿಗೆಯಲ್ಲಿ: "ನಿಮ್ಮ ಮನೆಯಲ್ಲಿ ಬೇಯಿಸುವ ಒಂದು ಪದಾರ್ಥದ ಒಳಭಾಗ ಬೆಂದಿದೆ ಎಂದು ಹೇಗೆ ತಿಳಿಯುತ್ತಾರೆ? ಅಲ್ಲಿಗೆ ಉಷ್ಣ ಹೇಗೆ ತಲುಪಿತು?" ಇಡ್ಲಿಗೆ ಕಡ್ಡಿ, ಅನ್ನದ ಅಗುಳು ಹಿಚುಕುವುದು, ಕಡುಬು ಮುರಿಯುವುದು ಬಂದವು. ಕೆಲವರು ಇನ್ನೂ ವಹನ ಮತ್ತು ಸಂವಹನವನ್ನು ಅದಲುಬದಲು ಬರೆದರು. ಅವರಿಗೆ ಮರುದಿನ ಪರಿಹಾರ ಬೋಧನೆ ನಡೆಯಿತು. ಯಾರಿಗೆ ಎಲ್ಲಿ ಹಸಿ ಉಳಿದಿದೆ ಎಂಬುದು ಈ ಸಲ ನಮಗೆ ಗೊತ್ತಿತ್ತು.

6. ತಟ್ಟೆಯ ವಿಷಯ

ಮಾಂಸದ ಅಡುಗೆಯನ್ನು ಉದಾಹರಣೆಯಾಗಿ ಬಳಸಬಹುದೇ ಎಂಬ ಪ್ರಶ್ನೆ ನಮ್ಮ ಚರ್ಚೆಯಲ್ಲಿ ಬಂದೇ ಬಂತು. ಒಂದೇ ತರಗತಿಯಲ್ಲಿ ಕೋಳಿ ತಿನ್ನುವ ಮಕ್ಕಳೂ ಇದ್ದಾರೆ, ತಿನ್ನದವರೂ ಇದ್ದಾರೆ, ಬಟಾಟಿಯನ್ನೂ ತಿನ್ನದ ಜೈನ ಮನೆಗಳ ಮಕ್ಕಳೂ ಇರಬಹುದು. ಶಾಲೆಗಳಲ್ಲಿ ಮೊಟ್ಟೆ ಕೊಡುವ ಯೋಜನೆ 2021ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ಎಲ್ಲೆಡೆ ಬಂದಾಗ, ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಇಟ್ಟರು. ಒಂದೇ ಸಾಲಿನಲ್ಲಿ ಕುಳಿತು ಬೇರೆ ಬೇರೆ ತಿನ್ನುವುದು ನಮ್ಮ ಮಕ್ಕಳಿಗೆ ಹೊಸದಲ್ಲ.

ನಾವು ಕಂಡುಕೊಂಡ ನಿಯಮ ಸರಳ. ಪಾಠಕ್ಕೆ ತಂದ ವಸ್ತು ನೋಡಲು, ತಿನ್ನಲು ಅಲ್ಲ. "ಯಾರು ತಿಂತೀರಿ, ಕೈ ಎತ್ತಿ" ಎಂದು ಕೇಳಬಾರದು. ಕೋಳಿಯ ಅಡುಗೆಯನ್ನು ಮುಚ್ಚಿಡುವುದೂ ಬೇಡ, ಎಲ್ಲರದೂ ಎಂದು ಹೇರುವುದೂ ಬೇಡ. ಹೆಸರುಕಾಳಿನ ಬಿಲ್ಲೆ ಅದರ ಪಕ್ಕದಲ್ಲೇ ಸಮನಾಗಿ ನಿಲ್ಲಲಿ.

7. ಪಾಕವಿಧಾನ ಮತ್ತು ಪಾಠಯೋಜನೆ

ಅಡುಗೆಯ ಮೂಲಕ ವಿಜ್ಞಾನ ಎಂಬುದು ಹೊಸ ವಿಚಾರವಲ್ಲ. ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗಶಾಲೆಯಲ್ಲಿ ಮಕ್ಕಳು ಅಡುಗೆ ಮಾಡುತ್ತಿದ್ದರು. 1899ರ 'ಸ್ಕೂಲ್ ಅಂಡ್ ಸೊಸೈಟಿ' ಪುಸ್ತಕದಲ್ಲಿ ಅವರು ಒಂದು ಪ್ರಸಂಗ ಹೇಳುತ್ತಾರೆ. ಪುಸ್ತಕದಲ್ಲಿರುವ ಪಾಕವಿಧಾನವನ್ನು ಹಾಗೆಯೇ ಅನುಸರಿಸಿದರೆ ಸಾಲದೇ ಎಂದು ಮಕ್ಕಳಲ್ಲಿ ಒಬ್ಬರು ಕೇಳಿದಾಗ, ಶಿಕ್ಷಕಿ ಮಕ್ಕಳನ್ನು ಮೊಟ್ಟೆಯ ಬಿಳಿಭಾಗದ ಮೇಲೆ ಬೇರೆ ಬೇರೆ ಬಿಸಿಯ ನೀರು ಏನು ಮಾಡುತ್ತದೆ ಎಂಬ ಪ್ರಯೋಗಕ್ಕೆ ಕರೆದೊಯ್ಯುತ್ತಾರೆ. ಕಾರಣ ಗೊತ್ತಿದ್ದವರು ಪಾಕವಿಧಾನದ ಆಳಾಗುವುದಿಲ್ಲ. ಕೆಲಸದ ಮೂಲಕ ಕಲಿಕೆ ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಹಾಗೂ ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆನ್ನುವ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೇ ದಾರಿಯವು.

ಪಾಠಯೋಜನೆಯೂ ಒಂದು ಪಾಕವಿಧಾನವೇ. "200 ಡಿಗ್ರಿ, 20 ನಿಮಿಷ" ಎಂಬಂತೆ ಅದರಲ್ಲೂ ನಿಮಿಷಗಳಿರುತ್ತವೆ. ಬಿಲ್ಲೆ ಎಷ್ಟು ದಪ್ಪ, ಓವನ್ ಕಾದಿದೆಯೇ ಎಂದು ನೋಡದೆ ನಿಮಿಷ ಎಣಿಸಿದರೆ ನಡುಭಾಗ ಹಸಿಯೇ ಉಳಿಯುತ್ತದೆ. ಮಕ್ಕಳ ಪೂರ್ವಜ್ಞಾನ ಓವನ್ ಕಾಯಿಸುವಿಕೆಯಂತೆ, ಪರಿಕಲ್ಪನೆಯ ಭಾರ ಬಿಲ್ಲೆಯ ದಪ್ಪದಂತೆ. ಒಕ್ಕೊರಲಿನ ಉತ್ತರ ಹೊರಮೈಯ ಬಣ್ಣ.

8. ಪ್ರಶಿಕ್ಷಣಾರ್ಥಿಗಳ ಚರ್ಚೆಗೆ

1. ನಿಮ್ಮ ಮುಂದಿನ ಪಾಠಯೋಜನೆಯಲ್ಲಿ ಬರುವ ಯಾವ ಪದಕ್ಕೆ ನಿಮ್ಮ ಶಾಲೆಯ ಊರಿನಲ್ಲಿ ಬೇರೆ ಅರ್ಥವಿದೆ? ಮೊದಲೇ ಹುಡುಕಿ.

2. "ನಮ್ಮನ್ಯಾಗ ಅದು ಇಲ್ರಿ" ಎಂದು ಮಗು ಹೇಳಿದರೆ ನಿಮ್ಮ ಉತ್ತರವೇನು? ಅದನ್ನು ಯೋಜನೆಯಲ್ಲೇ ಬರೆಯಿರಿ.

3. ತರಗತಿಗೆ ತರುವ ಆಹಾರವನ್ನು ಯಾವಾಗ, ಎಲ್ಲಿ ಮಾಡಿದಿರಿ? ಎರಡು ಗಂಟೆಯ ನಿಯಮಕ್ಕೆ ಹೊಂದುತ್ತದೆಯೇ? ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡುವ ಬಿಸಿಯೂಟದ ನಿಯಮ ನಿಮ್ಮ ಡಬ್ಬಿಗೂ ಅನ್ವಯಿಸುವುದಿಲ್ಲವೇ?

4. ನಿಮ್ಮ ಪಾಠ ಒಳಗೆ ಬೆಂದಿದೆ ಎಂದು ತಿಳಿಯಲು ಯಾವ ಒಂದು ಪ್ರಶ್ನೆ ಕೇಳುತ್ತೀರಿ? ಅದು ಪಠ್ಯಪುಸ್ತಕದ ವಾಕ್ಯದಲ್ಲಿ ಉತ್ತರಿಸಲಾಗದಂಥದ್ದಾಗಿರಲಿ.

5. ಮಾರ್ಗದರ್ಶಕರಿಗೆ: ಸಹಿ ಹಾಕುವ ಮೊದಲು ನಾವು ಯಾವ ಪ್ರಶ್ನೆ ಕೇಳುತ್ತೇವೆ?

ಎರಡನೆಯ ಪಾಠ ಮುಗಿದ ಮೇಲೆ ಪ್ರಶಿಕ್ಷಣಾರ್ಥಿ ಅಡುಗೆಮನೆಗೆ ಹೋಗಿ ಆ ಅಡುಗೆಯವರಿಗೆ ಕೈಮುಗಿದರು. ಅವರು ನಕ್ಕು, "ಮುರದು ನೋಡೂದು ಏನ್ ದೊಡ್ಡ ವಿದ್ಯಾರಿ ಟೀಚರ್" ಎಂದರು. ಅವಲೋಕನ ಹಾಳೆ ಹಿಡಿದು ನಿಂತಿದ್ದ ನನಗೆ, ಅದು ದೊಡ್ಡ ವಿದ್ಯೆಯೇ ಎನ್ನಿಸಿತು.